ಅವರ ಹೆಸರಿನ ಡಬ್ಬಿ

ನಾಚಿಕೆ ಬಿಡಿ ಎಂದು ಮನೆಮನೆಗೆ ಹೋಗಿ ಹೇಳುವುದು ಆ ವರ್ಷ ನನ್ನ ಕೆಲಸವಾಗಿತ್ತು. ನಾನು ಆಶಾ ಕಾರ್ಯಕರ್ತೆ. ಐವರ್ನಾಡಿನ ಆಸುಪಾಸಿನಲ್ಲಿ ಐವತ್ತು ದಾಟಿದವರಿಗೆ ಒಂದೊಂದು ಸಣ್ಣ ಡಬ್ಬಿ ಕೊಟ್ಟು, ಮಲದ ಮಾದರಿ ಹಾಕಿಸಿ ತರಬೇಕಿತ್ತು. ಕಣ್ಣಿಗೆ ಕಾಣದ ರಕ್ತ ಅದರಲ್ಲಿದ್ದರೆ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಕರುಳಿನ ಕ್ಯಾನ್ಸರ್ ಇದ್ದರೂ ಬೇಗ ಸಿಗುತ್ತದೆ. ಜನ ಮೂಗು ಮುಚ್ಚಿಕೊಂಡು ನಕ್ಕರು. ಇನ್ನು ಇದನ್ನೂ ಹೊರಲಿಕ್ಕೆ ಶುರುಮಾಡಿದಳಾ ಎಂದು ಒಬ್ಬ ರಿಕ್ಷಾದವನು ಗೇಲಿ ಮಾಡಿದ.

ಗುಡ್ಡದ ಮೇಲಿನ ಒಂದು ಮನೆಗೆ ಮೂರು ಸಲ ಹತ್ತಿದೆ. ಗಂಡ ರಬ್ಬರ್ ಕೃಷಿಕ. ಯಾವಾಗ ಹೋದರೂ ಅಂಗಳದಾಚೆ ರಬ್ಬರ್ ಶೀಟ್ ಒತ್ತುವ ಮಿಷನ್ ಹತ್ತಿರ ಇರುತ್ತಿದ್ದರು. ಹೆಂಡತಿ ನನಗೆ ಬೆಲ್ಲ-ನೀರು ಕೊಟ್ಟು, ಇವರು ಒಪ್ಪುವವರಲ್ಲ ಎಂದು ಪೆಚ್ಚುಮೋರೆ ಹಾಕುತ್ತಿದ್ದರು. ಮೂರನೆಯ ಸಲ ಎರಡೂ ಡಬ್ಬಿ ತಂದು ಕೈಗಿಟ್ಟರು. ಅಬ್ಬಾ, ಗೆದ್ದೆ ಅಂದುಕೊಂಡೆ! ಇಬ್ಬರಿಗೂ ತೊಂದರೆ ಇಲ್ಲ ಎಂಬ ಚೀಟಿ ಬಂತು. ಹೆಂಡತಿಯ ಕೈಗೇ ಕೊಟ್ಟು, ಪುಸ್ತಕದಲ್ಲಿ ಇಬ್ಬರ ಹೆಸರಿಗೂ ಗುರುತು ಹಾಕಿ, ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಎಂಟು ತಿಂಗಳಾದ ಮೇಲೆ ಆ ಗಂಡನನ್ನು ಪುತ್ತೂರಿನಲ್ಲಿ ಆಸ್ಪತ್ರೆಗೆ ಸೇರಿಸಿದ ಸುದ್ದಿ ಬಂತು. ಕರುಳಿನ ಕ್ಯಾನ್ಸರ್, ಲಿವರಿಗೂ ಹರಡಿದೆ. ರಕ್ತ ಹೋಗುತ್ತಿದ್ದದ್ದನ್ನು ಉಷ್ಣ ಎಂದುಕೊಂಡು ತಂಪಿಗೆ ಪುನರ್ಪುಳಿ ಹಣ್ಣಿನ ಶರಬತ್ತು ಕುಡಿದುಕೊಂಡಿದ್ದರಂತೆ. ಚೀಟಿ ಹೇಗೆ ಸುಳ್ಳಾಯಿತೆಂದು ತಲೆ ಕೆಡಿಸಿಕೊಂಡೇ ನೋಡಲು ಹೋದೆ. ಹೆಂಡತಿ ನನ್ನನ್ನು ವರಾಂಡದ ಮೂಲೆಗೆ ಕರೆದರು.

"ಇವರ ಹತ್ರ ನಾನು ಕೇಳಲೇ ಇಲ್ಲ ಅಕ್ಕ, ನಾಚಿಕೆ ಆಯ್ತು. ನೀವು ಆ ಬಿಸಿಲಿಗೆ ಮೂರು ಸಲ ಬಂದವರು, ಬರಿಗೈಯಲ್ಲಿ ಕಳಿಸುದು ಹೇಗೆ ಅಂತ ಎರಡಕ್ಕೂ ನನ್ನದೇ ಹಾಕಿದೆ. ಅವರಿಗೆ ಹೇಳ್ಬೇಡಿ."

ಕೆನ್ನೆಗೆ ಎರಡು ಬಾರಿಸುವಷ್ಟು ಸಿಟ್ಟು ಬಂತು. ಬಂದವರಿಗೆ ಬೆಲ್ಲ ಕೊಡುವ ಹಾಗೆ ಇದನ್ನೂ ಕೊಡುವುದಾ? ಆದರೆ ನಾನೇನು ಕಡಿಮೆ? ಮೂರು ಸಲ ಹೋದವಳು ಒಮ್ಮೆಯಾದರೂ ಆ ಮಿಷನ್ ಹತ್ತಿರ ಹೋಗಿ ಅವರ ಮುಖ ನೋಡಿ ಕೇಳಿದ್ದೇನಾ? ಗಂಡಸಿನ ಎದುರು ಆ ಮಾತೆತ್ತಲು ನನಗೂ ನಾಚಿಕೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಒಳಗೆ ಹೋದೆ. ಅವರು ಅರ್ಧಕ್ಕರ್ಧ ಇಳಿದಿದ್ದರು. ಡಬ್ಬಿಯ ಪರೀಕ್ಷೆ ಮಾಡಿಸಿದ್ದರೆ ಮೊದಲೇ ಗೊತ್ತಾಗುತ್ತಿತ್ತೇನೋ ಎಂದು ಡಾಕ್ಟರು ಅವರಿಗೆ ಹೇಳಿದ್ದರಂತೆ.

"ನೀವು ಮನೆಗೆ ಬಂದದ್ದು ನಾನು ನೋಡಿದ್ದೇನೆ ಮಾರಾಯ್ರೆ. ಇವಳಿಗೆ ಡಬ್ಬಿ ಕೊಟ್ಟದ್ದೂ ಗೊತ್ತು. ನನಗೆ ಇರ್ಲಿಲ್ವಾ?"

ಹೆಂಡತಿ ಗಂಜಿಯ ಪಾತ್ರೆ ಹಿಡಿದುಕೊಂಡು ಮಂಚದ ಆಚೆ ನಿಂತಿದ್ದರು. ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಮುಗಿದಿತ್ತು ಅಣ್ಣ," ಎಂದೆ.

ಅವರು ಹೆಂಡತಿಯ ಕಡೆ ನೋಡಿ, "ಇರಲಿ, ಇವಳದ್ದಾದರೂ ಆಯ್ತಲ್ಲ," ಎಂದರು.