ಏಣಿ ಸಮಿತಿಯ ಮಾವ
ನಮ್ಮ ಸೋದರಮಾವ ಏಣಿ ಮಾಡುವ ಕಂಪನಿಯವರು. ಏಣಿ ಎಷ್ಟು ಗಟ್ಟಿಯಿರಬೇಕೆಂದು ತೀರ್ಮಾನಿಸುವ ಸಮಿತಿಯಲ್ಲಿ ಕಂಪನಿಯ ಪರವಾಗಿ ಕೂರುತ್ತಾರೆ. ಅಲ್ಲಿ ಅವರು ದನಿ ಎತ್ತಿದ್ದನ್ನು ಯಾರೂ ಕೇಳಿಲ್ಲವಂತೆ. ಯಾರಾದರೂ ಎದುರಾಡಿದರೆ, "ಒಳ್ಳೇ ಮಾತು ಸಾರ್, ಪರೀಕ್ಷೆ ಮಾಡೇ ನೋಡೋಣ, ಖರ್ಚು ನಮ್ಮದು" ಎನ್ನುತ್ತಾರೆ. ಪರೀಕ್ಷೆ ನಡೆಯುವುದು ಕಂಪನಿಯ ಶೆಡ್ಡಿನಲ್ಲಿ. ನಿಯಮದ ಕರಡು ಯಾರು ಬರೆಯುತ್ತೀರಿ ಎಂದು ಅಧ್ಯಕ್ಷರು ಕೇಳಿದಾಗ ಉಳಿದವರು ಮೇಜು ನೋಡುತ್ತಾರೆ. ಮಾವ, "ನಾನೇ ಬರ್ಕೊಂಡು ಬರ್ತೀನಿ ಬಿಡಿ" ಎನ್ನುತ್ತಾರೆ. ಕೊಳ್ಳುವವರ ಪರವಾಗಿ ಬರುವ ನಿವೃತ್ತ ಮೇಷ್ಟ್ರನ್ನು ತಮ್ಮ ಕಾರಿನಲ್ಲೇ ಕರೆತಂದು, ಮೊಣಕಾಲು ನೋವು ವಿಚಾರಿಸಿ, ವಾಪಸು ಮನೆಬಾಗಿಲಿಗೆ ಬಿಡುತ್ತಾರೆ. "ಇಷ್ಟು ಒಳ್ಳೆಯವರಿಗೆ ಬೇಡ ಅನ್ನೋಕೆ ನಾಲಿಗೆ ಏಳಲ್ಲಪ್ಪಾ" ಎಂದು ಮೇಷ್ಟ್ರೇ ಹೇಳಿಕೊಳ್ಳುತ್ತಾರೆ. ಹೀಗೆ ಬೆಣ್ಣೆಯಿಂದ ಕೂದಲು ತೆಗೆದಂತೆ, ಏಣಿಯ ಮೆಟ್ಟಿಲಿನ ತಗಡು ಇನ್ನಷ್ಟು ತೆಳುವಾಗಿದ್ದರೂ ಸಾಕೆಂದು ಈ ವರ್ಷ ನಿಯಮವಾಯಿತು. ಅಂಥದೊಂದು ಹೊಸ ಏಣಿ ನಮ್ಮ ಮನೆಗೂ ಬಂತು. ಅಮ್ಮ ಅದನ್ನು ಹತ್ತಿ ಅಟ್ಟಕ್ಕೆ ಕೈ ಹಾಕಿದರೆ ಸಾಕು, ಮಾವ ಅರ್ಧ ಊಟದಲ್ಲೇ ಎದ್ದು, ಎಂಜಲು ಕೈಯಲ್ಲೇ ಏಣಿಯ ಬುಡ ಹಿಡಿದು ನಿಲ್ಲುತ್ತಾರೆ. "ಹೋಗಿ ಊಟ ಮಾಡೋ, ನಿಮ್ಮ ಸಮಿತಿಯೇ ಪಾಸು ಮಾಡಿದ ಏಣಿ" ಎಂದು ಅಮ್ಮ ಮೇಲಿನಿಂದ ನಗುತ್ತಾಳೆ. "ನೀನು ಮೊದಲು ಇಳಿ ಅಕ್ಕ" ಎನ್ನುತ್ತಾರೆ ಮಾವ, ತಲೆ ಎತ್ತದೆ.