ಡಾಂಬರು ಬಿಟ್ಟು ಇಳಿಯದ ದಿನ

ದವಸದ ಮೇಲೆ ಬಸ್ಸು ಹತ್ತಿಸು ಎಂದರೆ ನಮ್ಮ ಹೊನ್ನಾವರದ ಕಡೆಯ ಯಾವ ಡ್ರೈವರ್ ತಾನೇ ಹತ್ತಿಸಿಯಾನು? ನೆಲಕ್ಕೆ ಬಿದ್ದ ಒಂದು ಅಗುಳನ್ನು ತುಳಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು ಎಂದು ಅಜ್ಜಿಯಿಂದ ಕಲಿತು ಬೆಳೆದವರು ನಾವು. ಅಂಥ ನಾನು, ಅರಸೀಕೆರೆಗೆ ಬಂದ ಹೊಸತರಲ್ಲಿ, ಒಂದು ದಿನ ಬಾಣಾವರ ದಾಟಿ ಹೆದ್ದಾರಿಯಲ್ಲಿ ಬಸ್ಸು ಓಡಿಸಿಕೊಂಡು ಬರುತ್ತಿದ್ದೇನೆ, ಎದುರಿಗೆ ರಸ್ತೆಯೇ ಇಲ್ಲ! ಡಾಂಬರು ಕಾಣದ ಹಾಗೆ ಹುರುಳಿಯ ಗಿಡಗಳನ್ನು ಕಾಯಿಸಮೇತ ಕಿತ್ತು ತಂದು, ಮದುವೆ ಮನೆಗೆ ಜಮಖಾನ ಹಾಸಿದಂತೆ ಉದ್ದಕ್ಕೂ ಹರವಿಬಿಟ್ಟಿದ್ದಾರೆ.

ನನ್ನ ಕೈ ತಾನಾಗಿ ಎಡಕ್ಕೆ ತಿರುಗಿತು. ಅಲ್ಲಿ ಕೆರೆಯ ಕಾಲುವೆ ಒಸರಿ ಮೆತ್ತಗಾದ ಕಪ್ಪು ಮಣ್ಣು. ಎಡಗಡೆಯ ಚಕ್ರಗಳು ಅಚ್ಚಿನ ತನಕ ಹೂತುಹೋದವು. ಬಸ್ಸಿನೊಳಗೆ ಒಬ್ಬರ ಮೇಲೊಬ್ಬರು ಬಿದ್ದರು. ಹೊಲದ ಬದುವಿನಿಂದ ಒಬ್ಬ ಅಜ್ಜಿ ಮೊರ ಹಿಡಿದುಕೊಂಡೇ ಓಡಿಬಂದರು.

"ನಿನ್ ಮನೆ ಕಾಯೋಗ! ಮ್ಯಾಲೆ ಓಗ್ಲಿ ಅಂತ್ಲೇ ಅಲ್ವೇನಪ್ಪ ಆಕಿರಾದು? ನೀನ್ಯಾಕೆ ಕೆಳಕ್ ಓದೆ?"

"ಧಾನ್ಯ ಅಲ್ವಾ ಅಮ್ಮ, ತುಳೀಬಾರದು ಅಂತ…"

ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನಕ್ಕರು, ನೋಡಿ. ಅವರ ಹಿಂದೆ ಹೊಲದಲ್ಲಿದ್ದವರೆಲ್ಲ ನಕ್ಕರು. ಬಸ್ಸಿನಲ್ಲಿದ್ದವರು ಕೂಡ ತಮ್ಮ ಗಂಟುಮೂಟೆ ಸರಿಮಾಡಿಕೊಳ್ಳುತ್ತಾ ನಕ್ಕರು. ಎರಡು ಜೊತೆ ಎತ್ತು ಕಟ್ಟಿ ಬಸ್ಸನ್ನು ಮೇಲೆತ್ತುವ ಹೊತ್ತಿಗೆ ಅರಸೀಕೆರೆಯಿಂದ ಬೆಂಗಳೂರಿನ ರೈಲು ಹೊರಟುಹೋಗಿತ್ತು. ಆಗ ಮಾತ್ರ ಯಾರೂ ನಗಲಿಲ್ಲ.

ನಮ್ಮಲ್ಲಿ ಭತ್ತದ ಕಟ್ಟನ್ನು ಅದಕ್ಕೆಂದೇ ಕಟ್ಟಿದ ಮಂಚಕ್ಕೆ ಬಡಿದು ಕಾಳು ಉದುರಿಸುತ್ತಾರೆ. ಇಲ್ಲಿಯವರದು ಕಣ. ನೆಲವನ್ನು ಸಗಣಿಯಿಂದ ಸಾರಿಸಿ, ಬೆಳೆ ಹರವಿ, ಕಲ್ಲುಗುಂಡು ಕಟ್ಟಿದ ಎತ್ತುಗಳನ್ನು ಅದರ ಮೇಲೆ ಸುತ್ತು ಹೊಡೆಸುತ್ತಾರೆ. ಸರ್ಕಾರದವರು ಊರ ಮುಂದೆ ಡಾಂಬರು ಹಾಕಿ ಹೋದ ಮೇಲೆ ಇವರಿಗೆ ಅದು ರಸ್ತೆಯಂತೆ ಕಾಣಲೇ ಇಲ್ಲ, ಸಾರಿಸುವ ಗೋಜಿಲ್ಲದ ಕಣದಂತೆ ಕಂಡಿತು. ಎತ್ತಿನ ಬದಲು ನಾವು ಡ್ರೈವರುಗಳು.

ನಾನು ಈ ಕಡೆ ಬಂದದ್ದು ಸಾಹುಕಾರ ಶಿವಣ್ಣನವರ ಬಸ್ಸು ಓಡಿಸಲು. ಅವರದು ತೆಂಗಿನಕಾಯಿಯ ಮಂಡಿ, ಜೊತೆಗೆ ಒಂದು ನೀಲಿ ಬಸ್ಸು. ಬೇಲೂರಿನಿಂದ ಹೊರಟು ಹಳೇಬೀಡು, ಜಾವಗಲ್ಲು, ಬಾಣಾವರದ ಮೇಲೆ ಅರಸೀಕೆರೆಗೆ ಬಂದು ಮಧ್ಯಾಹ್ನದ ರೈಲಿಗೆ ಜನರನ್ನು ಮುಟ್ಟಿಸುವುದು ನನ್ನ ಕೆಲಸ. ಮಂಡಿಯ ಹಿಂದೆ ಒಂದು ಕೋಣೆ ಕೊಟ್ಟಿದ್ದರು. ಅಟ್ಟದ ತುಂಬ ಕೊಬ್ಬರಿಯಾಗಲು ಕಾದು ಕುಳಿತ ಕಾಯಿಗಳು, ಅವುಗಳ ಕೆಳಗೆ ನಾನು. ಎತ್ತ ನೋಡಿದರೂ ತೆಂಗಿನ ಮರವೇ. ಆದರೆ ಸಾರಿನಲ್ಲಿ ಮಾತ್ರ ನಮ್ಮ ಹಾಗೆ ಹಿಡಿಗಟ್ಟಲೆ ಕಾಯಿ ಅರೆದು ಹಾಕುವುದಿಲ್ಲ. ನಮ್ಮಲ್ಲಿ ಕಾಯಿ ಒಡೆದ ದಿನವೇ ಮುಗಿಯಬೇಕು, ಇಲ್ಲಿ ವರ್ಷಗಟ್ಟಲೆ ಅಟ್ಟದ ಮೇಲಿಟ್ಟು ಕಾಯುತ್ತಾರೆ. ಇಷ್ಟೊಂದು ತಾಳ್ಮೆಯ ಜನ ರಸ್ತೆಗೆ ಇಳಿದರೆ ಯಾಕೆ ಹೀಗಾಗುತ್ತಾರೆ ಎಂಬುದು ನನಗೆ ಬಹಳ ದಿನ ಅರ್ಥವಾಗಲಿಲ್ಲ.

ಹೇಗೆ ಅಂದರೆ, ಇಲ್ಲಿ ಡಾಂಬರು ರಸ್ತೆಯ ನಡುವೆ ಒಂದು ಪಟ್ಟಿ ಮಾತ್ರ. ಅಕ್ಕಪಕ್ಕ ಮಣ್ಣು. ಎದುರುಬದುರಾದ ಎರಡು ಗಾಡಿಗಳೂ ತಮ್ಮ ತಮ್ಮ ಎಡಗಾಲಿಗಳನ್ನು ಮಣ್ಣಿಗಿಳಿಸಿದರೆ ಇಬ್ಬರಿಗೂ ದಾರಿಯಾಗುತ್ತದೆ. ಆದರೆ ಡಾಂಬರು ಬಿಟ್ಟು ಇಳಿಯುವುದೆಂದರೆ ಈ ಕಡೆಯವರಿಗೆ ಪಂಚಾಯ್ತಿಯಲ್ಲಿ ಎದ್ದುನಿಂತು ಸೋತೆ ಎಂದಂತೆ. ಕಾಯಿ ಹೇರಿದ ಗಾಡಿಗಳು ಸಾಲುಗಟ್ಟಿ ಸಂತೆಗೆ ಬರುತ್ತವೆ, ಹೊಡೆಯುವವನು ಕಂಬಳಿ ಮುಚ್ಚಿ ಮಲಗಿರುತ್ತಾನೆ. ಎತ್ತುಗಳಿಗೆ ದಾರಿ ಗೊತ್ತು, ಎಡ ಬಲ ಗೊತ್ತಿಲ್ಲ. ಲಾರಿಯವರಂತೂ ಎದುರು ಬಂದ ಲಾರಿಯಲ್ಲಿ ನೆಂಟ ಕಂಡರೆ ನಡುರಸ್ತೆಯಲ್ಲೇ ಅಕ್ಕಪಕ್ಕ ನಿಲ್ಲಿಸಿ, ಮಗಳಿಗೆ ಗಂಡು ಗೊತ್ತಾಯಿತೇ ಎಂಬಲ್ಲಿಂದ ಶುರುಮಾಡಿ ಹಸು ಕರು ಹಾಕಿತೇ ಎಂಬಲ್ಲಿಗೆ ಮುಗಿಸುತ್ತಾರೆ. ಹಿಂದೆ ನಾವು ಹಾರನ್ನು ಹಿಸುಕುತ್ತಾ ಇರಬೇಕು.

ಇದೇ ಹೆದ್ದಾರಿ ಪಶ್ಚಿಮಕ್ಕೆ ಹೋಗಿ ಹೋಗಿ ನಮ್ಮ ಹೊನ್ನಾವರದಲ್ಲಿ ಮುಗಿಯುತ್ತದೆ ಅಂತ ನೆನೆದರೆ ನನಗೇ ನಂಬಿಕೆಯಾಗುತ್ತಿರಲಿಲ್ಲ. ನಮ್ಮಲ್ಲಿ ಶರಾವತಿಗೆ ಸೇತುವೆಯಿಲ್ಲ. ಬಸ್ಸೂ ಕೂಡ ಎರಡು ದೋಣಿ ಜೋಡಿಸಿದ ಜಂಗಲ್ ಹತ್ತಿಯೇ ದಾಟಬೇಕು. ಮೊದಲು ಬಂದವನು ಮೊದಲು, ಉಳಿದವನು ದಡದಲ್ಲಿ ಕೂತು ಎಲೆ ಅಡಿಕೆಯ ಕವಳ ಹಾಕಬೇಕು. ಹೊಳೆಯೇ ನಮಗೆ ಸರದಿ ಕಲಿಸಿದೆ. ಇಲ್ಲಿ ಬರೀ ಕೆರೆಗಳು. ಕೆರೆಯನ್ನು ಯಾರೂ ದಾಟುವುದಿಲ್ಲ, ಬಳಸಿಕೊಂಡು ಹೋಗುತ್ತಾರೆ. ಮತ್ತೆ ಕಲಿಸುವವರು ಯಾರು? ಒಂದು ದಿನ ನಮ್ಮೂರಿನ ಒಣಮೀನಿನ ಲಾರಿ ಬಂದು ನನ್ನನ್ನೇ ಮಣ್ಣಿಗೆ ತಳ್ಳಿ ಹೋಯಿತು. ಅದನ್ನು ಬೈಯುತ್ತಲೇ, ಅದರ ಹಿಂದೆ ಉಳಿದ ಗಾಳಿಯನ್ನು ಎದೆ ತುಂಬ ಎಳೆದುಕೊಂಡೆ. ಆ ಸಂಜೆ ಕೋಣೆಯಲ್ಲಿ ಅನ್ನ ಸೇರಲಿಲ್ಲ.

ಹುರುಳಿಗೆ ಹೆದರಿ ಕೆಸರಿಗಿಳಿದವನು ಎಂಬ ಸುದ್ದಿ ರಸ್ತೆಯುದ್ದಕ್ಕೂ ಹಬ್ಬಿತು. ಅಲ್ಲಿಂದ ಮುಂದೆ ನನ್ನ ನೀಲಿ ಬಸ್ಸು ಕಂಡರೆ ಸಾಕು, ಗಾಡಿ, ಲಾರಿ, ಸೈಕಲ್ಲು ಕೂಡ ನಡುವಿನಿಂದ ಕದಲದೆ ಬರತೊಡಗಿದವು. ಎಲ್ಲರಿಗಿಂತ ಹೆಚ್ಚು ಕಾಡಿದವನು ಕೆಂಪಣ್ಣ. ಅರಸೀಕೆರೆಯಿಂದ ಬೇಲೂರಿಗೆ ಹೋಗುವ ಇನ್ನೊಂದು ಬಸ್ಸಿನ ಡ್ರೈವರ್, ಇದೇ ಸೀಮೆಯವನು, ಮೀಸೆಯೂ ದಪ್ಪ, ಮಾತೂ ದಪ್ಪ. ದಿನವೂ ಬಾಣಾವರದ ಈಚೆ ನಾವಿಬ್ಬರೂ ಎದುರಾಗುತ್ತಿದ್ದೆವು. ದೂರದಿಂದಲೇ ಹಾರನ್ನು ಒತ್ತಿ, ಬಲಗೈ ಹೊರಗೆ ಚಾಚಿ, ಕೋಳಿಮರಿ ಓಡಿಸುವ ಹಾಗೆ ಬೀಸುತ್ತಿದ್ದ. "ಇಳಿಸು, ಇಳಿಸು! ಘಟ್ಟನೇ ಇಳ್ದು ಅಭ್ಯಾಸ ಐತಲ್ಲ ನಿಂಗೆ!" ನಾನು ಇಳಿಸುತ್ತಿದ್ದೆ. ಇಳಿಸಿದ ಮೇಲೆ ಹತ್ತಿಸುವುದಕ್ಕೆ ಹೊತ್ತಾಗುತ್ತಿತ್ತು. ಮತ್ತೊಮ್ಮೆ ರೈಲು ತಪ್ಪಿತು.

ಶಿವಣ್ಣನವರು ಕೂಗಾಡುವ ಮನುಷ್ಯರಲ್ಲ. ವಿಭೂತಿ ಹಚ್ಚಿದ ಹಣೆಯನ್ನು ಸವರಿಕೊಂಡು ಹೇಳಿದರು: "ನೋಡಿ ಸುಬ್ರಾಯ್ರೆ, ನೀವು ಒಳ್ಳೆಯೋರು. ಆದ್ರೆ ನನ್ ಬಸ್ ಹತ್ತಿದ್ರೆ ರೈಲು ಸಿಕ್ಕಾಕಿಲ್ಲ ಅಂತ ಬೇಲೂರಲ್ಲಿ ಮಾತಾಗೈತೆ. ಇನ್ನೊಂದ್ ಸಲ ತಪ್ಪಿದ್ರೆ ಕೀಲಿಕೈ ಕೊಟ್ಟು ಊರಿಗ್ ಹೋಗ್ಬಿಡಿ."

ಊರಿಗೆ ಹೋಗುವುದೇನೋ ಸರಿ. ಆದರೆ ಸಂಕ್ರಾಂತಿ ಕಳೆದ ಮೇಲೆ ಹೆಂಡತಿ ಸಾವಿತ್ರಿಯನ್ನೂ ಮಗುವನ್ನೂ ಕರೆತಂದು ಇಲ್ಲಿ ಮನೆ ಮಾಡುತ್ತೇನೆಂದು ಹೇಳಿ ಬಂದಿದ್ದೆ. ಮದುವೆಯಾದಂದಿನಿಂದ ಅವಳು ನನ್ನ ಅಣ್ಣಂದಿರ ದೊಡ್ಡ ಕುಟುಂಬದ ಒಲೆಯ ಮುಂದೆಯೇ ಇದ್ದವಳು. ತನ್ನದೇ ಒಲೆ ಎಂಬ ಮಾತು ಕೇಳಿ ಅವಳ ಮುಖ ಅರಳಿದ್ದನ್ನು ಕಂಡಿದ್ದೆ. ಆ ಮುಖದ ಮುಂದೆ ಬರಿಗೈಯಲ್ಲಿ ಹೇಗೆ ನಿಲ್ಲುವುದು?

ಮಾರನೆಯ ದಿನ ಬೇಲೂರಿಗೆ ಮರಳುವಾಗ ಆ ಅಜ್ಜಿಯ ಹೊಲದ ಮುಂದೆ ಬಸ್ಸು ನಿಲ್ಲಿಸಿದೆ. ಅವರ ಹೆಸರು ನಿಂಗಜ್ಜಿ. "ಅಮ್ಮ, ಇದರ ಮೇಲೆ ಹೇಗೆ ಹೋಗಬೇಕು, ನೀವೇ ಹೇಳಿಕೊಡಿ" ಎಂದೆ.

"ಎತ್ತು ಓದಂಗೆ ಓಗ್ಬೇಕು ಕಣ್ ಮಗ. ಅವಸರ ಮಾಡ್ಬ್ಯಾಡ, ನಡುವೆ ನಿಲ್ಲುಸ್ಬ್ಯಾಡ, ಅಡ್ಡಡ್ಡ ತಿರುಗುಸ್ಬ್ಯಾಡ. ಆ ಕೆಂಪ ಅವ್ನಲ್ಲ, ದೆವ್ವ ಬಂದಂಗೆ ಬತ್ತಾನೆ. ಅರ್ಧ ಕಾಳು ಚರಂಡಿ ಪಾಲು."

ಮೊದಲ ಸಲ ಹತ್ತಿಸಿದಾಗ ಕಣ್ಣು ಮುಚ್ಚಿಹೋಯಿತು. ಚಕ್ರದಡಿ ಕಾಯಿ ಸಿಡಿಯುವ ಸದ್ದು, ಒಲೆಯ ಮೇಲೆ ಸಾಸಿವೆ ಚಟಪಟಿಸಿದ ಹಾಗೆ. ಮನಸ್ಸಿನಲ್ಲೇ ಊರಿನ ನನ್ನ ಅಜ್ಜಿಗೆ ತಪ್ಪಾಯಿತೆಂದು ಕೈಮುಗಿದೆ. ಆಮೇಲೆ ದಿನದಿನಕ್ಕೂ ಅಭ್ಯಾಸವಾಯಿತು. ಎರಡನೇ ಗೇರಿನಲ್ಲಿ, ನೇರಕ್ಕೆ, ಬ್ರೇಕು ಮುಟ್ಟದೆ. ಹೊಲದವರು ಕೈ ಬೀಸತೊಡಗಿದರು. ಒಂದು ದಿನ ನಿಂಗಜ್ಜಿ ಕಿಟಕಿಯೊಳಗೆ ಬೇಯಿಸಿದ ಅವರೆಕಾಯಿ ತೂರಿಸಿ, "ತಿನ್ಕಂಡ್ ಓಗು, ಸೊರಗೋಗಿದ್ದೀಯ" ಎಂದರು. ಊರು ಬಿಟ್ಟ ಮೇಲೆ ನನ್ನ ಮೈ ನೋಡಿ ಹೇಳಿದ ಮೊದಲ ಮಾತು ಅದು.

ಆ ದಿನ ಬಂತು. ಹಳೇಬೀಡಿನಲ್ಲಿ ದೇವಸ್ಥಾನ ನೋಡಲು ಬಂದಿದ್ದ ಪರವೂರಿನವರೂ ಹತ್ತಿದ್ದರಿಂದ ಬಸ್ಸು ತುಂಬಿ ತುಳುಕುತ್ತಿತ್ತು. ಎಲ್ಲರಿಗೂ ರೈಲೇ ಬೇಕು. ಜಾವಗಲ್ಲಿನಲ್ಲಿ ಕುರಿಮಂದೆ ಅಡ್ಡ ಬಂದು ಆಗಲೇ ತಡವಾಗಿತ್ತು. ನಿಂಗಜ್ಜಿಯ ಹುರುಳಿಯ ಮೇಲೆ ನಾನು ಅರ್ಧ ದೂರ ಬಂದಿದ್ದೇನೆ, ಎದುರಿನಿಂದ ಕೆಂಪಣ್ಣ. ಹಾರನ್ನು ಹೊಡೆಯುತ್ತಾ, ಕಾಳು ಹಾರಿಸುತ್ತಾ ಬಂದವನು ಮೂತಿಗೆ ಮೂತಿ ತಾಗುವಷ್ಟು ಹತ್ತಿರ ನಿಲ್ಲಿಸಿದ.

"ಇಳಿಸಯ್ಯಾ!"

ನನ್ನ ಎಡಕ್ಕೆ ಅದೇ ಕಪ್ಪು ಕೆಸರು. ಇಳಿದರೆ ರೈಲು ಹೋಯಿತು, ಕೀಲಿಕೈ ಹೋಯಿತು, ಸಾವಿತ್ರಿಯ ಒಲೆ ಹೋಯಿತು. ಅವನ ಎಡಕ್ಕೆ ಗಟ್ಟಿ ನೆಲ. ಇಳಿದರೆ ಅವನದು ಹೋಗುವುದು ಮಾನ ಒಂದೇ. ನಾನು ತಲೆ ಹೊರಗೆ ಹಾಕಿದೆ. ಬಾಯಿಂದ ಬಂದ ಮಾತು ನನ್ನದೇ ಎಂದು ನಂಬಲಾಗಲಿಲ್ಲ:

"ಇವತ್ತು ಇಳ್ಸಾಕಿಲ್ಲ ಕಣಣ್ಣ!"

ಕೆಂಪಣ್ಣ ಮೀಸೆ ತಿರುವಿ, ಎಂಜಿನ್ ಗುರ್ರೆನಿಸಿದ. ನಾನೂ ಗುರ್ರೆನಿಸಿದೆ. ಅಷ್ಟರಲ್ಲಿ ನಿಂಗಜ್ಜಿ ಮೊರ ಹಿಡಿದು ಎರಡು ಬಸ್ಸುಗಳ ನಡುವೆ ಬಂದು ನಿಂತರು. ನನ್ನ ಕಡೆ ಬೆನ್ನು, ಅವನ ಕಡೆ ಮುಖ.

"ಏನ್ಲಾ ಕೆಂಪ, ಕಣದಾಗೆ ಸುತ್ತೊಡೆಯೋ ಎತ್ತಿಗೆ ಎದುರು ನಿಂತ್ಕತೀಯಾ? ನಿಮ್ಮಪ್ಪ ಇಂಗೇ ಕಲ್ಸಿದ್ನಾ?"

"ಇದು ರಸ್ತೆ ಕಣಜ್ಜಿ, ಕಣ ಅಲ್ಲ!"

"ಬೆಳೆ ಅರವಿದ್ ಮ್ಯಾಲೆ ಕಣವೇ. ಅವ್ನು ಮೊದ್ಲು ಕಣಕ್ ಬಂದವ್ನೆ. ಅವ್ನು ತುಳ್ದು ದಾಟೋಗಂಟ ನೀನು ತಡ್ಕೊ. ಕಣ ಮುರುದ್ರೆ ಮನೇಗೆ ಆಗ್ಬರಾಕಿಲ್ಲ, ಗೊತ್ತಿಲ್ವಾ?"

ಕೆಂಪಣ್ಣನ ಬಸ್ಸಿನಲ್ಲಿದ್ದವರೆಲ್ಲ ಸಂತೆ ಮುಗಿಸಿ ಹೊರಟ ರೈತರು. ಹಾರನ್ನಿಗೆ ಬಗ್ಗದವರು, ಕಾನೂನಿಗೆ ಬಗ್ಗದವರು, ಕಣ ಎಂದೊಡನೆ ಮೆತ್ತಗಾದರು. ಹಿಂದಿನ ಸೀಟಿನಿಂದ ಒಬ್ಬ ಕೂಗಿದ: "ಇಳ್ಸೋ ಕೆಂಪಣ್ಣ! ಕಣಕ್ಕೆ ಕೆರ ಮೆಟ್ಕಂಡೇ ಓಗಾಕಿಲ್ಲ, ನೀನು ಬಸ್ಸೇ ತಂದು ನಿಲ್ಸಿದ್ದೀಯಲ್ಲೋ!" ಎರಡೂ ಬಸ್ಸು ಒಟ್ಟಿಗೆ ನಕ್ಕವು. ಕೆಂಪಣ್ಣ ಒಂದು ಗಳಿಗೆ ಸ್ಟಿಯರಿಂಗ್ ಮೇಲೆ ಹಣೆಯಿಟ್ಟ. ಆಮೇಲೆ, ನನ್ನ ಸ್ವಾಮೀ, ಆ ದೊಡ್ಡ ಬಸ್ಸು ಮೆಲ್ಲಗೆ ಹಿಂದೆ ಸರಿದು, ಎಡ ಬಲದ ಗಾಲಿಗಳೆಲ್ಲವನ್ನೂ ಡಾಂಬರು ಬಿಟ್ಟು ಕೆಳಗಿಳಿಸಿತು!

ನಾನು ಮುಂದೆ ಬಿಟ್ಟೆ. ಎತ್ತು ಹೋದ ಹಾಗೆ, ನೇರಕ್ಕೆ. ಕಿಟಕಿಗೆ ಕಿಟಕಿ ಸಮನಾದಾಗ ಕೆಂಪಣ್ಣ ನನ್ನ ಮಾತಿನ ರಾಗವನ್ನೇ ಅಣಕಿಸಿದ: "ನಾಳೆ ಟೀ ಕುಡಿಸ್ಬೇಕು ಮಾರಾಯ್ರೇ!" ಅವನ ಮೀಸೆಯ ಕೆಳಗೆ ನಗು ಇತ್ತು. ನಾನು ಹಾರನ್ನು ಹೊಡೆದು ಒಪ್ಪಿಗೆ ಕೊಟ್ಟೆ.

ಅರಸೀಕೆರೆಯಲ್ಲಿ ರೈಲು ಇನ್ನೂ ನೀರು ಕುಡಿಯುತ್ತಾ ನಿಂತಿತ್ತು. ಜನ ಗಂಟು ಹೊತ್ತು ಪ್ಲಾಟ್‌ಫಾರ್ಮಿನ ಮೇಲೆ ಓಡುವುದನ್ನು ಬಸ್ಸಿನ ಬಾನೆಟ್ಟಿಗೆ ಒರಗಿ ನೋಡಿದೆ. ಕೊನೆಯವನೂ ಹತ್ತಿದ ಮೇಲೆ ಗಾರ್ಡು ಸೀಟಿ ಊದಿದ. ಯುದ್ಧ ಗೆದ್ದ ರಾಜನಿಗೆ ಓಲಗ ಊದಿದ ಹಾಗಿತ್ತು ಅದು ನನ್ನ ಕಿವಿಗೆ.

ಸುದ್ದಿ ನನಗಿಂತ ಮೊದಲೇ ಮಂಡಿ ಮುಟ್ಟಿತ್ತು. ಶಿವಣ್ಣನವರು ಕಾಯಿ ತಟ್ಟಿ ನೋಡುತ್ತಲೇ, ತಲೆಯೆತ್ತದೆ ಅಂದರು: "ಆ ಹಿತ್ತಲ ಕಡೆ ಮನೆ ಖಾಲಿ ಐತೆ. ಸುಣ್ಣ ಹೊಡೆಸ್ತೀನಿ. ಹೆಂಡ್ತಿ ಮಗೂನ ಕರ್ಕಂಡ್ ಬನ್ನಿ."

ಸಾವಿತ್ರಿ ಬಂದಳು. ಮೊದಲ ದಿನವೇ ಹಿಡಿಗಟ್ಟಲೆ ಕಾಯಿ ಅರೆದು ಸಾರು ಮಾಡಿದಳು. ಪಕ್ಕದ ಮನೆಯವರು ರುಚಿ ನೋಡಿ, "ಇದೇನಮ್ಮ, ಒಂದ್ ತಿಂಗಳ ಕಾಯಿ ಒಂದೇ ದಿನಕ್ಕೆ!" ಎಂದು ಬೆರಗಾದರು. ನನ್ನ ರಸ್ತೆಯೂ ಅಗಲವಾದಂತಾಯಿತು. ಮಲಗಿದ ಗಾಡಿಯವರು ಹಾರನ್ನಿಗೆ ಏಳದಿದ್ದರೂ, "ಯಜಮಾನ್ರೇ, ಒಸಿ ಜಾಗ ಬಿಡಿ" ಎಂದರೆ ಎದ್ದು ಎತ್ತು ಪಕ್ಕಕ್ಕೆ ಹೊಡೆಯುತ್ತಾರೆ. ಕೆಂಪಣ್ಣನೂ ನಾನೂ ಈಗ ದಿನಕ್ಕೊಬ್ಬರಂತೆ ಇಳಿಯುತ್ತೇವೆ. ಇನ್ನೊಂದು ಮಾತು ನಾಚಿಕೆಯಿಂದಲೇ ಹೇಳಬೇಕು. ಮೊನ್ನೆ ನಾವಿಬ್ಬರೂ ನಡುರಸ್ತೆಯಲ್ಲಿ ಬಸ್ಸು ಅಕ್ಕಪಕ್ಕ ನಿಲ್ಲಿಸಿ ಅವನ ಮಗಳ ನಿಶ್ಚಿತಾರ್ಥದ ಸುದ್ದಿ ಮಾತಾಡುತ್ತಿದ್ದೆವು. ಹಿಂದೆ ಯಾವನೋ ಹೊಸಬ ಹಾರನ್ನು ಹೊಡೆದಾಗ, ಇವನಿಗೇನು ಇಷ್ಟು ಅವಸರ ಎಂದು ನನಗೆ ನಿಜವಾಗಿ ಸಿಟ್ಟು ಬಂತು.

ಕಳೆದ ರಜೆಯಲ್ಲಿ ಊರಿಗೆ ಹೋಗಿದ್ದೆ, ಆಗ ಅಮ್ಮನನ್ನು ಕರೆದುಕೊಂಡು ಕುಮಟೆಗೆ ಬಸ್ಸಿನಲ್ಲಿ ಹೊರಟೆ. ಓಡಿಸುತ್ತಿದ್ದವನು ನನಗೆ ಸ್ಟಿಯರಿಂಗ್ ಹಿಡಿಯಲು ಕಲಿಸಿದ ಗಣಪಣ್ಣ. ತಿರುವಿನಲ್ಲಿ ಲಾರಿ ಎದುರಾಯಿತು. ಗಣಪಣ್ಣ ತನ್ನ ಪಾಡಿಗೆ ನಯವಾಗಿ ಬದಿಗೆ ಸರಿದ. ನಾನು ಸೀಟಿನಿಂದ ಎದ್ದೇಬಿಟ್ಟೆ: "ಇಳಿಸ್ಬ್ಯಾಡ ಕಣಣ್ಣ!"

ಬಸ್ಸಿನವರೆಲ್ಲ ತಿರುಗಿ ನೋಡಿದರು. ಗಣಪಣ್ಣ ಕನ್ನಡಿಯಲ್ಲಿ ನಕ್ಕ. "ಎಂತಾ ಆಯ್ತೋ ಸುಬ್ರಾಯ? ಕೂತ್ಕೋ ಮಾರಾಯ. ಎಷ್ಟು ದಿನ ಇರ್ತೆ ಊರಲ್ಲಿ?"

"ಇಲ್ಲ ಗಣಪಣ್ಣ, ಸೋಮವಾರ ಮನೆಗೆ ಹೋಗ್ಬೇಕು."

ಪಕ್ಕದಲ್ಲಿ ಕೂತಿದ್ದ ಅಮ್ಮ ಸೆರಗು ಸರಿಮಾಡಿಕೊಂಡರು. ಸ್ವಲ್ಪ ದೂರ ಹೋದ ಮೇಲೆ, ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದರು: "ಹಂಗಾರೆ ಈಗ ನೀ ಬಂದದ್ದು ಎಲ್ಲಿಗೆ ಮಗಾ?"

"ಮನೆಗೇ ಅಮ್ಮ" ಎಂದೆ.