ನಾಲ್ಕನೇ ದಿನದ ತಲೆನೋವು

ಹೋದ ವಾರ ನಮ್ಮ ಆಸ್ಪತ್ರೆಯ ಸ್ಟೋರ್ ರೂಮು ಖಾಲಿ ಮಾಡುವಾಗ ಪಾದರಸದ ಹಳೆಯ ಬಿಪಿ ಪೆಟ್ಟಿಗೆಯೊಂದು ಸಿಕ್ಕಿತು. ಮುಚ್ಚಳ ತೆಗೆದೆ. ಹಳೇ ರಬ್ಬರಿನ ವಾಸನೆ... ಆಪಾ ನೆನಪಾದರು. ಹಿಂದೆಯೇ ಸಿಟ್ಟೂ ಬಂತು. ಇಷ್ಟು ವರ್ಷವಾದರೂ ಅದು ಆರಿಲ್ಲ.

ನರ್ಸಿಂಗ್ ಮುಗಿಸಿ ನಾನು ಮೊದಲು ಸೇರಿದ್ದು ಹೊಸದುರ್ಗದ ಕಡೆಯ ಒಂದು ಸಣ್ಣ ಖಾಸಗಿ ಹೆರಿಗೆ ಆಸ್ಪತ್ರೆಗೆ. ಈಗ ಅದಿಲ್ಲ. ಅಲ್ಲಿ ಹಿರಿಯ ಸಿಸ್ಟರ್ ಆಗಿದ್ದವರು ಚಿತ್ರದುರ್ಗದ ಸಾಬರ ಮನೆಯವರು. ಬಾಣಂತಿಯರಿಗೂ ಆಯಾಗಳಿಗೂ ಎಲ್ಲರಿಗೂ ಆಪಾ, ಅಂದರೆ ಅಕ್ಕ. ಹೆರಿಗೆಯಾದ ಮೇಲೆ ಹೊಕ್ಕುಳ ಕೆಳಗೆ ಕೈಯಿಟ್ಟು ಗರ್ಭಕೋಶ ಗಟ್ಟಿಯಾಗಿದೆಯಾ ನೋಡುವುದು, ರಕ್ತ ಸೊಂಟದ ಅಡಿಗೆ ಹರಿದಿದೆಯಾ ಅಂತ ಬಟ್ಟೆ ಎತ್ತಿ ನೋಡುವುದು, ಎಲ್ಲಾ ಕಲಿಸಿದ್ದು ಅವರೇ. "ಮಗೂನ ನೋಡಾಕೆ ಮನೆಮಂದಿಯೆಲ್ಲಾ ಅವ್ರೆ. ನೀನು ತಾಯೀನ ನೋಡು," ಅನ್ನುತ್ತಿದ್ದರು.

ಮತ್ತೋಡಿನ ಕಡೆಯ ಹುಡುಗಿಯೊಬ್ಬಳಿಗೆ ಚೊಚ್ಚಲ ಹೆರಿಗೆ. ನಾಲ್ಕನೇ ದಿನ ಮಧ್ಯಾಹ್ನ ಮನೆಗೆ ಹೊರಟಿದ್ದಳು. ಬಾಗಿಲಲ್ಲಿ ಕಾರು ನಿಂತಿತ್ತು. ಹಣೆ ಒತ್ತಿಕೊಂಡು ಕೂತಿದ್ದವಳನ್ನು ಆಪಾ ಏನಾಯಿತು ಎಂದು ಕೇಳಿದರು.

"ತಲೆ ಸಿಡೀತೈತೆ ಆಪಾ. ಕಣ್ಣಿಗೆ ಮಂಜು ಮಂಜು."

"ನಿದ್ದೆ ಕೆಟ್ಟೈತೆ ಕಣ್ರಿ. ಮನೆಗೆ ಹೋದ್ರೆ ಸರಿ ಹೋಗ್ತೈತೆ," ಅಂದಳು ಹುಡುಗಿಯ ತಾಯಿ.

ಆಪಾ ಬಿಪಿ ನೋಡಿದರು. ಐದು ನಿಮಿಷ ಬಿಟ್ಟು ಮತ್ತೆ ನೋಡಿದರು. ಎರಡು ಸಲವೂ ಮೇಲಿನದು ನೂರಾ ಎಪ್ಪತ್ತು, ಕೆಳಗಿನದು ನೂರಾ ಹತ್ತು. ನನ್ನನ್ನೂ ಕರೆದುಕೊಂಡು ಡಾಕ್ಟರ ಕೋಣೆಗೆ ಹೋಗಿ ಹೇಳಿದರು.

"ಬಾಣಂತಿ ಅಂದ್ಮೇಲೆ ತಲೆನೋವು ಇರ್ತದೆ. ಡಾಕ್ಟರ್ ನೀನೋ, ನಾನೋ?" ಡಾಕ್ಟರು ತಲೆ ಎತ್ತಲೂ ಇಲ್ಲ.

"ನೀವೇ ಸರ್. ಅದಕ್ಕೇ ಒಂದ್ಸಲ ನೀವೇ ಬಂದು ನೋಡ್ರಿ ಅಂತಿದೀನಿ."

ಬರಲಿಲ್ಲ. ಹತ್ತು ಹೆಜ್ಜೆ ದೂರವಿದ್ದ ವಾರ್ಡಿಗೆ ಬರಲಿಲ್ಲ.

ಆಪಾ ಒಂದು ಹಾಳೆ ಹರಿದು, ಬಿಪಿ, ಹೊತ್ತು, ತಲೆನೋವು, ಮಂಜು, ಎಲ್ಲಾ ಬರೆದು, ಫಿಟ್ಸ್ ಬರಬಹುದು ಅಂತಲೂ ಸೇರಿಸಿ ತಾಯಿಯ ಕೈಗಿಟ್ಟರು. "ಅಮ್ಮಾ, ಊರಿಗೆ ಹೋಗಬ್ಯಾಡ್ರಿ. ಸೀದಾ ಚಿತ್ರದುರ್ಗದ ದೊಡ್ಡಾಸ್ಪತ್ರೆಗೆ ಹೋಗ್ರಿ. ದಾರೀಲಿ ಫಿಟ್ಸ್ ಬಂದ್ರೆ ಎಡಕ್ಕೆ ಹೊರಳಿಸಿ ಮಲಗಿಸ್ರಿ. ಕೈಗೆ ಕಬ್ಬಿಣ ಕೊಡಬ್ಯಾಡ್ರಿ, ಬಾಯಿಗೆ ನೀರು ಹಾಕಬ್ಯಾಡ್ರಿ."

ಹೊಳಲ್ಕೆರೆ ದಾಟುವಾಗ ಫಿಟ್ಸ್ ಬಂತಂತೆ. ತಾಯಿ ಆಪಾ ಹೇಳಿದಂತೆಯೇ ಮಾಡಿದಳು. ದುರ್ಗದಲ್ಲಿ ಚೀಟಿ ನೋಡಿದ ತಕ್ಷಣ ಇಂಜೆಕ್ಷನ್ ಕೊಟ್ಟರು. ಹುಡುಗಿ ಬದುಕಿದಳು.

ಇದಕ್ಕೆ ಆಪಾಗೆ ಸಿಕ್ಕಿದ್ದೇನು? ಆ ಚೀಟಿಯ ಮಾತು ಡಾಕ್ಟರ ಕಿವಿಗೆ ಬಿತ್ತು. ರೋಗಿಗಳನ್ನು ಹೆದರಿಸಿ ಬೇರೆ ಕಡೆ ಕಳಿಸುತ್ತಾಳೆ ಎಂಬ ಆರೋಪ. ಮೊದಲು ನಿಮಗೇ ಹೇಳಿದ್ದೆ ಅಂದರು ಆಪಾ. ಎಲ್ಲರೆದುರು ಡಾಕ್ಟರು ನನ್ನನ್ನು ಕೇಳಿದರು: "ಈಕೆ ನನ್ನ ಹತ್ರ ಬಂದು ಹೇಳಿದ್ದು ನೀನು ಕೇಳಿದೀಯಾ?"

ನಾನು ಆಪಾ ಪಕ್ಕದಲ್ಲೇ ನಿಂತಿದ್ದೆ ಆವತ್ತು. ಪ್ರತಿ ಮಾತೂ ಕೇಳಿದ್ದೆ.

"ಇಲ್ಲ ಸರ್," ಅಂದೆ.

ಆಪಾ ನನ್ನ ಕಡೆ ಒಂದೇ ಸಲ ನೋಡಿದರು. ನಾಳೆಯಿಂದ ಬರಬೇಡ ಅಂದರು ಡಾಕ್ಟರು. ಆಪಾ ಚೀಲ ತಗೊಂಡು ಹೊರಟರು.

ತಿಂಗಳ ಮೇಲೆ ಆ ಹುಡುಗಿಯ ಮನೆಯವರು ಶಾಲು, ಸಿಹಿ ಹಿಡಿದು ಬಂದರು. ಆಪಾ ಎಲ್ಲಿ ಎಂದು ತಾಯಿ ಕೇಳಿದರೆ, ಕೆಲಸ ಬಿಟ್ಟು ಹೋದರು ಅಂದರು ಡಾಕ್ಟರು. ಶಾಲು ತಾವೇ ಹೊದಿಸಿಕೊಂಡರು. ನಾಚಿಕೆಯೇ ಇಲ್ಲದೆ. ನಾನೂ ಚಪ್ಪಾಳೆ ತಟ್ಟಿದೆ...

ಈಗ ನಾನೇ ಹಿರಿಯ ಸಿಸ್ಟರ್. ಆಪಾ ಕಲಿಸಿದ್ದನ್ನೇ ಹೊಸಬರಿಗೆ ಕಲಿಸುತ್ತೇನೆ, ನನ್ನದೇ ಅನ್ನುವ ಹಾಗೆ.

ಈ ಭಾನುವಾರ ವಿಚಾರಿಸಿಕೊಂಡು ದುರ್ಗದ ಅವರ ಮನೆಗೆ ಹೋದೆ. ಮಗಳು ಬಾಗಿಲು ತೆಗೆದಳು.

"ಅಮ್ಮಿ ತೀರಿ ಹೋಗಿ ಎರಡು ತಿಂಗಳಾತು. ಕುಂತ್ಕಳ್ರಿ."

ಕೂತು ಎಲ್ಲಾ ಹೇಳಿದೆ. ನನ್ನ ಸುಳ್ಳನ್ನೂ ಬಿಡದೆ ಹೇಳಿದೆ. ಆಕೆ ಟೀ ಲೋಟ ನನ್ನ ಮುಂದಿಟ್ಟು, ಮೆಲ್ಲಗೆ ಅಂದಳು:

"ಇದನ್ನ ಅಮ್ಮಿ ಮುಂದೆ ಹೇಳಬೇಕಿತ್ತು ನೀವು."